ಲೈನ್ ಕ್ಲಿಯರ್ ಇದ್ದರೂ ನಿಂತ ಉಸಿರು

ನಾನು ಹುಬ್ಬಳ್ಳಿಯ ರೈಲ್ವೆ ಕಂಟ್ರೋಲ್ ಕಚೇರಿಯಲ್ಲಿ ಸೆಕ್ಷನ್ ಕಂಟ್ರೋಲರ್ ಆಗಿದ್ದು ನಿವೃತ್ತನಾದವನು. ಆ ಕೆಲಸ ಎಂಥದೆಂದು ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ಈ ಲೇಖನದ ಅರ್ಧ ಬಂಡವಾಳ ಅಲ್ಲಿಂದಲೇ ಬಂದದ್ದು. ಎದುರಿಗೆ ಒಂದು ದೊಡ್ಡ ಚಾರ್ಟ್. ಅಡ್ಡಕ್ಕೆ ಗಂಟೆಗಳು, ಮೇಲಿನಿಂದ ಕೆಳಕ್ಕೆ ನಿಲ್ದಾಣಗಳು: ಹುಬ್ಬಳ್ಳಿ, ಹೆಬಸೂರು, ಅಣ್ಣಿಗೇರಿ, ಹುಲಕೋಟಿ, ಗದಗ. ಪ್ರತಿ ರೈಲಿಗೂ ಒಂದು ಗೆರೆ. ಗೆರೆ ಓರೆಯಾಗಿ ಸಾಗುತ್ತಿದ್ದರೆ ಗಾಡಿ ಓಡುತ್ತಿದೆ, ಗೆರೆ ಅಡ್ಡಡ್ಡ ಮಲಗಿದರೆ ಗಾಡಿ ಎಲ್ಲೋ ನಿಂತಿದೆ. ಈಗ ಅದನ್ನು ಕಂಪ್ಯೂಟರ್ ಎಳೆಯುತ್ತದೆ. ನಮ್ಮ ಕಾಲದಲ್ಲಿ ಬಣ್ಣದ ಪೆನ್ಸಿಲ್ ಹಿಡಿದು ನಾವೇ ಎಳೆಯುತ್ತಿದ್ದೆವು.

ಬೆಳಿಗ್ಗೆ ಮೇಲಧಿಕಾರಿಗಳಿಗೆ ಹೋಗುತ್ತಿದ್ದುದು ಆ ಚಾರ್ಟ್ ಅಲ್ಲ, ಒಂದೇ ಒಂದು ಅಂಕಿ: ನಿನ್ನೆ ಶೇಕಡಾ ಎಷ್ಟು ಗಾಡಿಗಳು ಸಮಯಕ್ಕೆ ಸರಿಯಾಗಿ ಓಡಿದವು. ಅಂಕಿ ಚೆನ್ನಾಗಿದ್ದರೆ ಎಲ್ಲರೂ ಚಹಾ ಕುಡಿಯುತ್ತಿದ್ದರು. ಆದರೆ ಅಣ್ಣಿಗೇರಿಯಲ್ಲಿ ಎರಡು ತಾಸು ನಿಂತ ಪ್ಯಾಸೆಂಜರ್ ಗಾಡಿಯೊಳಗಿನವರು ಪಟ್ಟ ಪಾಡು ಆ ಶೇಕಡಾವಾರಿನಲ್ಲಿ ಎಲ್ಲಿಯೂ ಕಾಣುತ್ತಿರಲಿಲ್ಲ.

ಮೂರು ವರ್ಷಗಳಿಂದ ನನ್ನ ತಲೆದಿಂಬಿನ ಪಕ್ಕದಲ್ಲಿ ಸಿಪ್ಯಾಪ್ ಯಂತ್ರವಿದೆ, ನಿದ್ದೆಯಲ್ಲಿ ಉಸಿರು ನಿಲ್ಲುವ ಕಾಯಿಲೆಗೆ (ಸ್ಲೀಪ್ ಆ್ಯಪ್ನಿಯಾ) ಮಾಸ್ಕ್ ಮೂಲಕ ಗಾಳಿ ಊದುವ ಯಂತ್ರ. ಅದೂ ಪ್ರತಿ ಬೆಳಿಗ್ಗೆ ಒಂದು ಅಂಕಿ ಕೊಡುತ್ತದೆ. ಮೊದಲ ಆರು ತಿಂಗಳು ನಾನು ಮಾಡಿದ ತಪ್ಪೂ ಅದೇ: ಅಂಕಿ ನೋಡಿ ಚಹಾ ಕುಡಿದೆ, ಚಾರ್ಟ್ ನೋಡಲಿಲ್ಲ.

ಯಂತ್ರ ಮಾಡುವುದಿಷ್ಟೇ

ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲವಾಗುತ್ತವೆ. ಕೆಲವರಲ್ಲಿ ನಾಲಿಗೆಯ ಬುಡ ಮತ್ತು ಮೆತ್ತನೆಯ ಅಂಗುಳ ಹಿಂದಕ್ಕೆ ಕುಸಿದು ಗಾಳಿಯ ದಾರಿಯನ್ನೇ ಮುಚ್ಚುತ್ತವೆ. ಎದೆ ಏರಿಳಿಯುತ್ತಲೇ ಇರುತ್ತದೆ, ಗಾಳಿ ಮಾತ್ರ ಒಳಗೆ ಹೋಗುವುದಿಲ್ಲ. ರಕ್ತದ ಆಮ್ಲಜನಕ ಇಳಿಯುತ್ತದೆ, ಮೆದುಳು ಗಾಬರಿಯಿಂದ ಅರೆ ಎಚ್ಚರಗೊಳ್ಳುತ್ತದೆ, ಒಂದು ದೊಡ್ಡ ಗೊರಕೆಯೊಂದಿಗೆ ದಾರಿ ತೆರೆಯುತ್ತದೆ. ಬೆಳಗಾಗುವಷ್ಟರಲ್ಲಿ ಇದು ನೂರಾರು ಬಾರಿ ನಡೆದಿರಬಹುದು. ಮಲಗಿದವನಿಗೆ ಒಂದೂ ನೆನಪಿರುವುದಿಲ್ಲ, ಪಕ್ಕದಲ್ಲಿ ಮಲಗಿದವರಿಗೆ ಎಲ್ಲವೂ ನೆನಪಿರುತ್ತದೆ.

ಇದಕ್ಕೆ ಮಾಸ್ಕ್ ಮೂಲಕ ಗಾಳಿ ಊದಿ ದಾರಿಯನ್ನು ತೆರೆದಿಡುವ ಉಪಾಯವನ್ನು ಸಿಡ್ನಿಯ ವೈದ್ಯ ಕಾಲಿನ್ ಸುಲಿವನ್ ಮತ್ತು ಸಂಗಡಿಗರು 1981ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಒತ್ತಡವನ್ನು ನೀರಿನ ಸೆಂಟಿಮೀಟರ್‌ಗಳಲ್ಲಿ ಅಳೆಯುತ್ತಾರೆ. ಹತ್ತು ಎಂದರೆ ಏನು ಎಂದು ತಿಳಿಯಬೇಕಿದ್ದರೆ ಒಂದು ಚೊಂಬು ನೀರಿನಲ್ಲಿ ಎಳನೀರಿನ ಕೊಳವೆಯನ್ನು ಹತ್ತು ಸೆಂಟಿಮೀಟರ್ ಆಳಕ್ಕೆ ಇಳಿಸಿ ಊದಿ. ಗುಳ್ಳೆ ಹೊರಬರಲು ಬೇಕಾದಷ್ಟು ಬಲ, ಅಷ್ಟೇ. ಮನೆಯ ಯಂತ್ರಗಳು ಸಾಮಾನ್ಯವಾಗಿ 4ರಿಂದ 20ರವರೆಗೆ ಊದಬಲ್ಲವು.

ಊದುವುದರ ಜೊತೆಗೆ ಅದು ನಿಮ್ಮ ಪ್ರತಿ ಉಸಿರನ್ನೂ ಅಳೆದು ಬರೆದಿಡುತ್ತದೆ. ಮುಂದಿನದೆಲ್ಲ ಆ ಬರವಣಿಗೆಯ ಸಂಗತಿ.

ಬೆಳಗಿನ ಅಂಕಿ

ಯಂತ್ರದ ಪರದೆಯಲ್ಲಿ ಕಾಣುವ ಎಎಚ್‌ಐ ಎಂದರೆ ಗಂಟೆಗೆ ಸರಾಸರಿ ಎಷ್ಟು ಬಾರಿ ಉಸಿರು ನಿಂತಿತು ಅಥವಾ ಗಣನೀಯವಾಗಿ ಕುಗ್ಗಿತು ಎಂಬ ಲೆಕ್ಕ. ಪೂರ್ತಿ ನಿಂತರೆ ಆ್ಯಪ್ನಿಯಾ, ಕುಗ್ಗಿದರೆ ಹೈಪಾಪ್ನಿಯಾ. ಎರಡಕ್ಕೂ ಕನಿಷ್ಠ ಹತ್ತು ಸೆಕೆಂಡ್ ಆಗಿರಬೇಕು. ದೊಡ್ಡವರಲ್ಲಿ 5ಕ್ಕಿಂತ ಕಡಿಮೆ ಇದ್ದರೆ ಸಹಜ, 5ರಿಂದ 15 ಸೌಮ್ಯ, 15ರಿಂದ 30 ಮಧ್ಯಮ, 30ರ ಮೇಲೆ ತೀವ್ರ. ಯಂತ್ರ ಹಾಕಿಕೊಂಡ ಮೇಲೆ ಅಂಕಿ 5ರ ಕೆಳಗಿರಲಿ ಎಂಬುದು ವೈದ್ಯರ ಸಾಮಾನ್ಯ ಗುರಿ.

ಈ ಅಂಕಿಯೊಳಗೆ ಮೂರು ತೊಡಕುಗಳಿವೆ. ಮೊದಲನೆಯದು, ಹತ್ತು ಸೆಕೆಂಡ್ ನಿಂತ ಉಸಿರೂ ಒಂದೇ, ಐವತ್ತು ಸೆಕೆಂಡ್ ನಿಂತದ್ದೂ ಒಂದೇ. ಹೆಬಸೂರಿನಲ್ಲಿ ಎರಡು ನಿಮಿಷ ನಿಂತ ಗಾಡಿಯನ್ನೂ ಹುಲಕೋಟಿಯಲ್ಲಿ ಅರ್ಧ ತಾಸು ನಿಂತ ಗಾಡಿಯನ್ನೂ ‘ತಲಾ ಒಂದು ನಿಲುಗಡೆ’ ಎಂದು ಬರೆದಿದ್ದರೆ ನನ್ನ ಕೆಲಸ ಹೋಗುತ್ತಿತ್ತು.

ಎರಡನೆಯದು, ಭಾಗಿಸುವ ಸಂಖ್ಯೆ. ಆಸ್ಪತ್ರೆಯ ನಿದ್ರಾ ಪರೀಕ್ಷೆಯಲ್ಲಿ ತಲೆಗೆ ತಂತಿ ಅಂಟಿಸಿ ಮೆದುಳಿನ ಅಲೆಗಳನ್ನು ನೋಡುತ್ತಾರೆ, ನೀವು ನಿಜವಾಗಿ ನಿದ್ದೆ ಮಾಡಿದ ಗಂಟೆಗಳಿಂದ ಭಾಗಿಸುತ್ತಾರೆ. ಮನೆಯಲ್ಲಿ ಬೆರಳಿಗೆ, ಮೂಗಿಗೆ ಸಿಕ್ಕಿಸಿಕೊಂಡು ಮಾಡುವ ಸಾಮಾನ್ಯ ಪರೀಕ್ಷೆಗೆ ಮೆದುಳು ಕಾಣುವುದಿಲ್ಲ, ದಾಖಲಾದ ಒಟ್ಟು ಸಮಯದಿಂದ ಭಾಗಿಸುತ್ತದೆ. ನನ್ನ ಪರೀಕ್ಷೆ ನಡೆದದ್ದು ಮನೆಯಲ್ಲೇ. ಎಂಟು ಗಂಟೆಯಲ್ಲಿ 272 ಘಟನೆಗಳು, ಅಂದರೆ 34. ಆದರೆ ಆ ರಾತ್ರಿ ಎರಡು ಗಂಟೆ ನಾನು ಕಣ್ಣು ಬಿಟ್ಟುಕೊಂಡು ಮಾಡು ನೋಡುತ್ತಿದ್ದೆ. ಆರು ಗಂಟೆಯ ನಿದ್ದೆಗೆ ಲೆಕ್ಕ ಹಾಕಿದರೆ 45. ನಿತ್ಯದ ಸಿಪ್ಯಾಪ್ ಯಂತ್ರದ್ದೂ ಇದೇ ಕಥೆ: ಮಾಸ್ಕ್ ಹಾಕಿಕೊಂಡ ಸಮಯವನ್ನೆಲ್ಲ ಅದು ನಿದ್ದೆ ಎಂದೇ ತಿಳಿಯುತ್ತದೆ. ಮಾಸ್ಕ್ ಹಾಕಿಕೊಂಡು ಒಂದು ತಾಸು ಮೊಬೈಲ್ ನೋಡಿದರೆ ನಿಮ್ಮ ಅಂಕಿ ತಾನಾಗಿಯೇ ಇಳಿಯಬಹುದು! ಹಾಲಿಗೆ ನೀರು ಬೆರೆಸಿದಂತೆ.

ಮೂರನೆಯದು, ಅಳತೆಗೋಲು. ಆಸ್ಪತ್ರೆಯಲ್ಲಿ ಹೈಪಾಪ್ನಿಯಾ ಎಂದು ಬರೆಯಲು ಗಾಳಿ ಕುಗ್ಗಿದರಷ್ಟೇ ಸಾಲದು, ಜೊತೆಗೆ ಆಮ್ಲಜನಕ ಶೇಕಡಾ 3 ಅಥವಾ 4ರಷ್ಟು ಇಳಿದಿರಬೇಕು, ಇಲ್ಲವೇ ಮೆದುಳು ಎಚ್ಚೆತ್ತಿರಬೇಕು. ಮನೆಯ ಸಿಪ್ಯಾಪ್ ಯಂತ್ರಕ್ಕೆ ಆಮ್ಲಜನಕವೂ ಗೊತ್ತಿಲ್ಲ, ಮೆದುಳೂ ಗೊತ್ತಿಲ್ಲ. ಅದು ಗಾಳಿಯ ಹರಿವನ್ನು ಮಾತ್ರ ನೋಡಿ ಊಹಿಸುತ್ತದೆ. ಆ ಊಹೆಯ ಸೂತ್ರವೂ ಕಂಪನಿಯಿಂದ ಕಂಪನಿಗೆ ಬೇರೆ. ಹೀಗಾಗಿ ರೆಸ್‌ಮೆಡ್ ಯಂತ್ರದ 3ನ್ನೂ ಫಿಲಿಪ್ಸ್ ಯಂತ್ರದ 3ನ್ನೂ ಪಕ್ಕಪಕ್ಕ ಇಟ್ಟು ‘ನನ್ನದೇ ಮೇಲು’ ಎನ್ನುವಂತಿಲ್ಲ. ನಿಮ್ಮ ಯಂತ್ರದ ಇಂದಿನ ಅಂಕಿಯನ್ನು ಅದೇ ಯಂತ್ರದ ಹೋದ ತಿಂಗಳಿನ ಅಂಕಿಯೊಂದಿಗೆ ಹೋಲಿಸುವುದೇ ನ್ಯಾಯ.

ನಸುಕಿನ ಒಂದು ತಾಸು

ನನ್ನ ಕಣ್ಣು ತೆರೆಸಿದ ರಾತ್ರಿಯದು. ಅಂಕಿ 4.0. ಸಹಜದ ಗೆರೆಯೊಳಗೇ ಇದೆ. ಆದರೂ ಬೆಳಿಗ್ಗೆ ತಲೆ ಕಲ್ಲಾಗಿತ್ತು. ಉಣಕಲ್ ಕೆರೆಯ ಸುತ್ತ ಎಂದಿನ ನಡಿಗೆಗೆ ಹೋಗಿ ಅರ್ಧ ಸುತ್ತಿಗೇ ಬೆಂಚು ಹುಡುಕಿದೆ.

ಮನೆಗೆ ಬಂದು ಯಂತ್ರದ ಮೆಮೊರಿ ಕಾರ್ಡ್ ತೆಗೆದು ಮಗಳ ಲ್ಯಾಪ್‌ಟಾಪಿಗೆ ಹಾಕಿದೆ. ‘ಆಸ್ಕರ್’ ಎಂಬ ಉಚಿತ ತಂತ್ರಾಂಶವಿದೆ. ಅದರಲ್ಲಿ ರಾತ್ರಿಯ ಇಡೀ ದಾಖಲೆ ಗೆರೆಗಳಾಗಿ ತೆರೆದುಕೊಳ್ಳುತ್ತದೆ. ಅಡ್ಡಕ್ಕೆ ಗಂಟೆಗಳು! ನನಗೆ ಮರಳಿ ಡ್ಯೂಟಿಗೆ ಹೋದಂತಾಯಿತು.

ಏಳು ಗಂಟೆಯಲ್ಲಿ 28 ಘಟನೆಗಳು, ಸರಿಯಾಗಿ ಗಂಟೆಗೆ ನಾಲ್ಕು. ಆದರೆ ಅವು ಸಮವಾಗಿ ಹರಡಿರಲಿಲ್ಲ. ರಾತ್ರಿಯ ಮೊದಲ ಆರು ಗಂಟೆಯಲ್ಲಿ ಒಟ್ಟು ಏಳು. ಉಳಿದ 21 ನಸುಕಿನ 4.45ರಿಂದ 5.45ರೊಳಗೆ ಒತ್ತೊತ್ತಾಗಿ ನಿಂತಿದ್ದವು. ಕೆಲವು ಮೂವತ್ತು ಸೆಕೆಂಡ್ ದಾಟಿದ್ದವು. ಅಂದರೆ ಆ ಒಂದು ತಾಸಿನಲ್ಲಿ ನಾನು ಚಿಕಿತ್ಸೆಯೇ ಇಲ್ಲದ ಮಧ್ಯಮ ದರ್ಜೆಯ ರೋಗಿ. ಉಳಿದ ಆರು ತಾಸುಗಳ ಒಳ್ಳೆಯತನ ಆ ಒಂದು ತಾಸಿನ ಮೇಲೆ ಚಾದರ ಹೊದಿಸಿತ್ತು.

ನಸುಕಿಗೇ ಏಕೆ? ಕನಸು ಬೀಳುವ ನಿದ್ದೆ, ಅಂದರೆ ಕಣ್ಣುಗುಡ್ಡೆಗಳು ವೇಗವಾಗಿ ಚಲಿಸುವ ಆ ಹಂತ, ರಾತ್ರಿಯ ಕೊನೆಯ ಭಾಗದಲ್ಲಿ ಹೆಚ್ಚು ಹೊತ್ತು ಇರುತ್ತದೆ. ಆಗ ದೇಹದ ಸ್ನಾಯುಗಳು ಇನ್ನಷ್ಟು ಸಡಿಲ, ಗಂಟಲೂ ಹಾಗೆಯೇ. ಅದರ ಮೇಲೆ ಅಂಗಾತ ಮಲಗಿದ್ದರೆ ನಾಲಿಗೆ ತನ್ನ ಭಾರಕ್ಕೇ ಹಿಂದೆ ಬೀಳುತ್ತದೆ. ಇನ್ನೊಂದು ಸಾಧ್ಯತೆಯನ್ನು ನಾನು ತಡವಾಗಿ ಕಲಿತೆ: ಗದ್ದ ಎದೆಗೆ ಒತ್ತಿದ್ದರೆ ಕೊರಳು ಮಡಚಿದ ಪೈಪಿನಂತಾಗುತ್ತದೆ. ಆಗ ಯಂತ್ರ ಎಷ್ಟು ಊದಿದರೂ ದಾರಿ ಬಿಡಿಸಿಕೊಳ್ಳುವುದಿಲ್ಲ. ತೋಟಕ್ಕೆ ನೀರು ಬಿಡುವಾಗ ಪೈಪ್ ಮಡಚಿಕೊಂಡರೆ ನಲ್ಲಿಯನ್ನು ಇನ್ನಷ್ಟು ತಿರುಗಿಸುತ್ತೀರೋ, ಮಡಿಕೆ ಬಿಡಿಸುತ್ತೀರೋ? ನನ್ನ ತಲೆಯ ಕೆಳಗೆ ಎರಡು ದಿಂಬುಗಳಿದ್ದವು. ಒಂದನ್ನು ತೆಗೆದೆ. ಆ ಗುಂಪು ಪೂರ್ತಿ ಹೋಗಲಿಲ್ಲ, ಅರ್ಧಕ್ಕಿಂತ ಕೆಳಗಿಳಿಯಿತು.

ಆದ್ದರಿಂದ ಚಾರ್ಟ್ ತೆರೆದ ಕೂಡಲೇ ನಾನು ಮೊದಲು ಕೇಳುವ ಪ್ರಶ್ನೆ ‘ಎಷ್ಟು’ ಅಲ್ಲ, ‘ಯಾವಾಗ’. ಚದುರಿದ ಇಪ್ಪತ್ತು ಮತ್ತು ಗುಂಪುಗಟ್ಟಿದ ಇಪ್ಪತ್ತು ಬೇರೆ ಬೇರೆ ಕಾಯಿಲೆಗಳೆಂದೇ ಹೇಳಬಹುದು.

ಗಾಡಿ ನಿಂತದ್ದೇಕೆ?

ಎರಡನೆಯ ಪ್ರಶ್ನೆ ‘ಯಾವ ಬಗೆ’. ಯಂತ್ರ ನಿಂತ ಉಸಿರನ್ನು ಎರಡು ಬಗೆಯಾಗಿ ಗುರುತಿಸುತ್ತದೆ: ಅಡಚಣೆಯದು ಮತ್ತು ದಾರಿ ತೆರೆದೇ ಇದ್ದದ್ದು. ಎರಡನೆಯದಕ್ಕೆ ಈ ತಂತ್ರಾಂಶ ಇಟ್ಟಿರುವ ಹೆಸರು ‘ಕ್ಲಿಯರ್ ಏರ್‌ವೇ’. ಅದನ್ನು ಓದಿದಾಗ ನನಗೆ ನಗು ಬಂತು. ಗಾಡಿಗೆ ಮುಂದಿನ ದಾರಿ ತೆರೆದಿದೆ ಎಂಬುದಕ್ಕೆ ನಾವು ಹೇಳುವುದು ‘ಲೈನ್ ಕ್ಲಿಯರ್’, ರೈಲ್ವೆಯವರಿಗೆ ಇದಕ್ಕಿಂತ ಪರಿಚಿತ ಮಾತು ಬೇರೆ ಇಲ್ಲ.

ಎರಡು ನಿಲ್ದಾಣಗಳ ನಡುವೆ ಗಾಡಿ ನಿಂತಿತು ಎಂದುಕೊಳ್ಳಿ. ಹಳಿಯ ಮೇಲೆ ಮರ ಬಿದ್ದು ನಿಂತಿರಬಹುದು. ಹಳಿ ಪೂರ್ತಿ ಖಾಲಿಯಿದ್ದೂ ಹೊರಡುವ ಅಪ್ಪಣೆ ಬರದೆ ನಿಂತಿರಬಹುದು. ಮೊದಲನೆಯದು ಗಂಟಲಿನ ತಪ್ಪು. ಎರಡನೆಯದರಲ್ಲಿ ದಾರಿ ತೆರೆದಿದೆ, ಮೆದುಳು ‘ಎಳೆದುಕೋ’ ಎಂಬ ಸಂಕೇತವನ್ನೇ ಕಳಿಸಲಿಲ್ಲ. ಹೊರಗಿನಿಂದ ನೋಡುವವನಿಗೆ ಎರಡೂ ಒಂದೇ: ಗೆರೆ ಮಲಗಿದೆ.

ಯಂತ್ರ ಇದನ್ನು ಹೇಗೆ ಪತ್ತೆ ಹಚ್ಚುತ್ತದೆ? ಜಾಣ ಉಪಾಯ. ಉಸಿರು ನಿಂತು ಕೆಲವು ಸೆಕೆಂಡ್ ಆದ ಮೇಲೆ ಅದು ಗಂಟಲಿನತ್ತ ಗಾಳಿಯನ್ನು ಸಣ್ಣಗೆ ನಡುಗಿಸಿ ಕಳಿಸುತ್ತದೆ. ರೆಸ್‌ಮೆಡ್ ಯಂತ್ರ ಸೆಕೆಂಡಿಗೆ ನಾಲ್ಕು ಬಾರಿ ಹೀಗೆ ನಡುಗಿಸುತ್ತದೆ, ಫಿಲಿಪ್ಸ್ ಯಂತ್ರ ಒಂದೆರಡು ಸಣ್ಣ ತಳ್ಳು ಕೊಟ್ಟು ನೋಡುತ್ತದೆ. ದಾರಿ ಮುಚ್ಚಿದ್ದರೆ ನಡುಕ ಗೋಡೆಗೆ ಬಡಿದಂತೆ ಮರಳುತ್ತದೆ, ಗಾಳಿ ಒಳಗೆ ಹೋಗುವುದಿಲ್ಲ. ತೆರೆದಿದ್ದರೆ ಗಾಳಿ ಹೋಗಿ ಬರುತ್ತದೆ. ಕತ್ತಲ ಕೋಣೆಯ ಬಾಗಿಲಿನ ಚಿಲಕ ಹಾಕಿದೆಯೋ ಇಲ್ಲವೋ ಎಂದು ಬೆರಳಿನಿಂದ ಮೆಲ್ಲಗೆ ತಳ್ಳಿ ನೋಡುತ್ತೇವಲ್ಲ, ಹಾಗೆ.

ಆದರೆ ಎದೆ ಏರಿಳಿಯುತ್ತಿದೆಯೇ ಎಂದು ಯಂತ್ರ ನೋಡುವುದಿಲ್ಲ. ಆಸ್ಪತ್ರೆಯಲ್ಲಿ ಎದೆಗೆ, ಹೊಟ್ಟೆಗೆ ಪಟ್ಟಿ ಕಟ್ಟಿ ಅದನ್ನು ನೋಡುತ್ತಾರೆ. ಹಾಗಾಗಿ ‘ದಾರಿ ತೆರೆದಿತ್ತು’ ಎಂಬುದು ಯಂತ್ರದ ಸಾಕ್ಷ್ಯ, ‘ಮೆದುಳು ಸಂಕೇತ ಕೊಡಲಿಲ್ಲ’ ಎಂಬುದು ವೈದ್ಯರ ತೀರ್ಪು. ಇವೆರಡರ ನಡುವೆ ಇರುವ ಅಂತರವನ್ನು ನಮ್ಮ ಓಣಿಯ ನಳವೇ ನನಗೆ ತೋರಿಸಿಕೊಟ್ಟಿತು.

ಹುಬ್ಬಳ್ಳಿಯವರಿಗೆ ವಿವರಿಸಬೇಕಾಗಿಲ್ಲ. ನಮ್ಮ ಕಡೆ ನಳ ದಿನಾಲೂ ಬರುವುದಿಲ್ಲ, ಬಂದರೆ ಹೊತ್ತು ನೋಡಿ ಬರುವುದಿಲ್ಲ. ಒಂದು ರಾತ್ರಿ ಎರಡೂವರೆಗೆ ಬಂತು. ಮಾಸ್ಕ್ ಕಿತ್ತಿಟ್ಟು ಎದ್ದೆ, ಮೋಟಾರ್ ಹಚ್ಚಿದೆ, ಟಾಕಿ ತುಂಬುವ ಸದ್ದಿಗೆ ಕಿವಿಗೊಟ್ಟುಕೊಂಡೇ ಮತ್ತೆ ಮಾಸ್ಕ್ ಹಾಕಿಕೊಂಡು ಬಿದ್ದುಕೊಂಡೆ. ಬೆಳಗಿನ ಅಂಕಿ 6.0. ಆರು ಗಂಟೆಯಲ್ಲಿ 36, ಅದರಲ್ಲಿ 22 ‘ಕ್ಲಿಯರ್ ಏರ್‌ವೇ’. ಹಿಂದಿನ ವಾರವೆಲ್ಲ ಅಂಥವು ಎರಡೋ ಮೂರೋ ಇರುತ್ತಿದ್ದವು. ಎದೆ ಧಸಕ್ಕೆಂದಿತು. ಮೆದುಳಿಗೇ ಏನೋ ಆಯಿತೆಂದುಕೊಂಡೆ.

ಚಾರ್ಟ್ ಹಿಗ್ಗಿಸಿ ನೋಡಿದರೆ 22ರಲ್ಲಿ 20 ಘಟನೆಗಳು 2.50ರಿಂದ 3.40ರೊಳಗೆ ಇದ್ದವು. ಟಾಕಿ ತುಂಬುವುದನ್ನು ನಾನು ಕಾಯುತ್ತಿದ್ದ ಹೊತ್ತದು. ಎಚ್ಚರವಿರುವ ಮನುಷ್ಯನ ಉಸಿರಿಗೆ ತಾಳವಿರುವುದಿಲ್ಲ. ನಿಟ್ಟುಸಿರು ಬಿಡುತ್ತಾನೆ, ಆಮೇಲೆ ಹತ್ತು ಸೆಕೆಂಡ್ ಸುಮ್ಮನಿರುತ್ತಾನೆ. ಮಗ್ಗುಲು ಬದಲಿಸುವಾಗ ಉಸಿರು ಬಿಗಿಹಿಡಿಯುತ್ತಾನೆ. ಸದ್ದು ಕೇಳಲು ಉಸಿರು ಕಟ್ಟಿ ಕಿವಿಗೊಡುತ್ತಾನೆ. ಯಂತ್ರಕ್ಕೆ ಇವೆಲ್ಲ ಘಟನೆಗಳೇ. ನಿದ್ದೆಯ ಉಸಿರು ಒಂದೇ ಎತ್ತರದ ಅಲೆಗಳಾಗಿ ಸಾಲುಗಟ್ಟಿರುತ್ತದೆ, ಎಚ್ಚರದ ಉಸಿರು ಎಳೆಮಕ್ಕಳ ಬರಹದಂತೆ ಎತ್ತೆತ್ತಲೋ ಹೋಗುತ್ತದೆ. ನಾಲ್ಕು ರಾತ್ರಿಯ ಚಾರ್ಟ್ ನೋಡಿದರೆ ಸಾಕು, ಕಣ್ಣಿಗೆ ವ್ಯತ್ಯಾಸ ಗೊತ್ತಾಗುತ್ತದೆ. ಆ 20ನ್ನೂ ಆ ಐವತ್ತು ನಿಮಿಷವನ್ನೂ ಬಿಟ್ಟು ಲೆಕ್ಕ ಹಾಕಿದೆ: ಗಂಟೆಗೆ ಸುಮಾರು 3. ಮೆದುಳು ಸರಿಯಾಗಿಯೇ ಇತ್ತು, ನಳ ಬಂದ ಹೊತ್ತು ಸರಿಯಿರಲಿಲ್ಲ.

ಎರಡೂ ಬಗೆಗೆ ಸೇರದ ಇನ್ನೊಂದಿದೆ, ಅದು ಬೆಳಗಿನ ಅಂಕಿಯೊಳಗೆ ಬರುವುದೇ ಇಲ್ಲ. ದಾರಿ ಮುಚ್ಚುವುದಿಲ್ಲ, ಕಿರಿದಾಗುತ್ತದೆ. ಒಳಗೆಳೆಯುವ ಪ್ರತಿ ಉಸಿರಿನ ಗೆರೆಯನ್ನು ಹಿಗ್ಗಿಸಿ ನೋಡಿ. ಸರಾಗವಾದ ಉಸಿರಿನ ನೆತ್ತಿ ನೃಪತುಂಗ ಬೆಟ್ಟದಂತೆ ದುಂಡಗಿರುತ್ತದೆ. ಕಿರಿದಾದ ದಾರಿಯಲ್ಲಿ ಎಳೆದ ಉಸಿರಿನ ನೆತ್ತಿ ಗದಗ ಸೀಮೆಯ ಹಳೆಯ ಮಾಳಿಗೆ ಮನೆಯಂತೆ ಚಪ್ಪಟೆ. ಇಂಥ ಮಾಳಿಗೆ ಮನೆಗಳ ಸಾಲು ಎಳೆದಷ್ಟೂ ಎಳೆದು, ಕೊನೆಗೆ ಒಂದು ದೊಡ್ಡ ಉಸಿರಿನೊಂದಿಗೆ ನಿದ್ದೆ ಒಡೆಯುತ್ತದೆ. ಅಂಕಿ 1 ಇದ್ದೂ ಮಧ್ಯಾಹ್ನ ತೂಕಡಿಸುವವರು ಇದನ್ನು ಹುಡುಕಿ ವೈದ್ಯರಿಗೆ ತೋರಿಸಬೇಕು.

ಸೋರಿಕೆ ಮತ್ತು ಮೆಣಸಿನಕಾಯಿ

ನನ್ನ ಅತಿ ಒಳ್ಳೆಯ ಅಂಕಿ ಬಂದದ್ದು ನನ್ನ ಅತಿ ಕೆಟ್ಟ ರಾತ್ರಿಯಲ್ಲಿ. ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುವ ನನ್ನ ಹೆಂಡತಿಯ ತಮ್ಮನ ಮನೆಗೆ ಫೆಬ್ರುವರಿಯಲ್ಲಿ ಹೋಗಿದ್ದೆ. ಸುಗ್ಗಿಯ ಕಾಲ, ಊರಿಗೆ ಊರೇ ಕೆಂಪು. ಬಸ್ಸಿನಿಂದ ಇಳಿದ ಕೂಡಲೇ ಸೀನು ಶುರು. ರಾತ್ರಿ ಮೂಗು ಪೂರ್ತಿ ಕಟ್ಟಿತು, ಬಾಯಿ ತೆರೆದೇ ನಿದ್ದೆ ಹೋದೆ. ನನ್ನದು ಮೂಗಿಗೆ ಮಾತ್ರ ಕೂರುವ ಮಾಸ್ಕ್. ಬೆಳಿಗ್ಗೆ ನಾಲಿಗೆ ಒಣಗಿ ಚರ್ಮದ ಚೂರಾಗಿತ್ತು, ಅಂಕಿ ಮಾತ್ರ 1.1!

ಆರೂವರೆ ಗಂಟೆಯಲ್ಲಿ ಏಳೇ ಘಟನೆಗಳು. ಅದರ ಕೆಳಗೇ ಲೀಕ್ ಎಂಬ ಇನ್ನೊಂದು ಗೆರೆ ಗುಡ್ಡ ಹತ್ತಿತ್ತು. ರಾತ್ರಿಯ ಬಹುಪಾಲು ನಿಮಿಷಕ್ಕೆ ನಲವತ್ತು ಲೀಟರಿನ ಮೇಲೆಯೇ. ರೆಸ್‌ಮೆಡ್ ಯಂತ್ರಗಳಲ್ಲಿ ನಿಮಿಷಕ್ಕೆ 24 ಲೀಟರ್ ದಾಟಿದರೆ ಮಾಸ್ಕ್ ಸರಿಯಾಗಿ ಕೂತಿಲ್ಲ ಎಂದು ಅರ್ಥ. ಮಾಸ್ಕಿನ ಸಣ್ಣ ರಂಧ್ರಗಳಿಂದ ನಿಶ್ವಾಸ ಹೊರಹೋಗಲೆಂದೇ ಬಿಟ್ಟ ಗಾಳಿ ಈ ಲೆಕ್ಕದಲ್ಲಿ ಸೇರಿರುವುದಿಲ್ಲ. ಫಿಲಿಪ್ಸ್ ಯಂತ್ರಗಳು ಆ ಗಾಳಿಯನ್ನೂ ಸೇರಿಸಿದ ಒಟ್ಟು ಮೊತ್ತವನ್ನು ತೋರಿಸುವುದುಂಟು, ಆದ್ದರಿಂದ ಅಲ್ಲಿ ಅಂಕಿ ದೊಡ್ಡದಾಗಿ ಕಂಡರೆ ಹೌಹಾರಬೇಕಿಲ್ಲ.

ಸೋರಿಕೆ ಹೆಚ್ಚಾದರೆ ಎರಡು ನಷ್ಟ. ಒತ್ತಡ ಗಂಟಲಿಗೆ ತಲುಪುವ ಮೊದಲೇ ಬಾಯಿಯಿಂದ ಹೊರಟುಹೋಗುತ್ತದೆ, ಅದು ಚಿಕಿತ್ಸೆಯ ನಷ್ಟ. ಜೊತೆಗೆ ಯಂತ್ರದ ಕಿವಿ ಕಿವುಡಾಗುತ್ತದೆ. ಗಾಳಿ ಎಲ್ಲೆಲ್ಲೋ ನುಗ್ಗುತ್ತಿರುವಾಗ ಯಾವುದು ಉಸಿರು, ಯಾವುದು ಸೋರಿಕೆ ಎಂದು ಅದಕ್ಕೆ ತಿಳಿಯುವುದಿಲ್ಲ. ಹೀಗಾಗಿ ಘಟನೆಗಳನ್ನು ಎಣಿಸದೇ ಬಿಡಬಹುದು, ಎಣಿಸಿದರೂ ಯಾವ ಬಗೆಯದೆಂದು ಹೇಳಲಾಗದೆ ‘ವರ್ಗೀಕರಿಸದ್ದು’ ಎಂದು ಬರೆಯಬಹುದು. ಆ 1.1 ಒಳ್ಳೆಯ ಫಲಿತಾಂಶವಾಗಿರಲಿಲ್ಲ, ಮೇಲ್ವಿಚಾರಕ ನಿದ್ದೆ ಹೋದ ಪರೀಕ್ಷಾ ಕೊಠಡಿಯಿಂದ ‘ನಕಲು ನಡೆದಿಲ್ಲ’ ಎಂದು ಬಂದ ವರದಿಯಾಗಿತ್ತು. ಲೀಕ್ ಗೆರೆ ನೋಡದೆ ಎಎಚ್‌ಐ ನಂಬಬೇಡಿ. ಈ ಲೇಖನದಲ್ಲಿ ಒಂದೇ ಸಾಲು ನೆನಪಿಡುವುದಿದ್ದರೆ ಇದನ್ನೇ ಇಟ್ಟುಕೊಳ್ಳಿ.

ಪರಿಹಾರ ಬಹಳ ಸಲ ಅಗ್ಗದ್ದೇ. ಮಾಸ್ಕಿನ ಮೆತ್ತೆಯನ್ನು ದಿನಾ ತೊಳೆದು ಮುಖದ ಎಣ್ಣೆ ತೆಗೆಯುವುದು, ಪಟ್ಟಿಯನ್ನು ಕೂತು ಬಿಗಿಯದೆ ಮಲಗಿಕೊಂಡು ಬಿಗಿಯುವುದು, ಮೂಗಿಗೆ ಚಿಕಿತ್ಸೆ. ಬಾಯಿ ತೆರೆಯುವುದೇ ರೂಢಿಯಾಗಿದ್ದರೆ ಬಾಯಿ-ಮೂಗು ಎರಡನ್ನೂ ಮುಚ್ಚುವ ಮಾಸ್ಕ್. ಧಾರವಾಡದ ಮಳೆಗಾಲದಲ್ಲಿ ಇನ್ನೊಂದು ಕಿರಿಕಿರಿ: ಕೋಣೆ ತಣ್ಣಗಿದ್ದು ಯಂತ್ರದ ನೀರಿನ ಡಬ್ಬಿ ಬಿಸಿಯಿದ್ದರೆ ಕೊಳವೆಯೊಳಗೆ ಹನಿಗಟ್ಟಿ ಗುಳುಗುಳು ಸದ್ದು ಬರುತ್ತದೆ. ಕೊಳವೆಗೆ ಹಳೆಯ ಪಂಚೆ ಸುತ್ತಿದರೆ ನಿಲ್ಲುತ್ತದೆ.

ಒತ್ತಡದ ಗೆರೆ

ತಾನಾಗಿಯೇ ಒತ್ತಡ ಹೊಂದಿಸಿಕೊಳ್ಳುವ ಯಂತ್ರಗಳು ಗಂಟಲು ಕಿರಿದಾದರೆ, ಗೊರಕೆ ಬಂದರೆ, ದಾರಿ ಮುಚ್ಚಿದರೆ ಮೆಲ್ಲಗೆ ಏರಿಸುತ್ತವೆ, ಸರಿಹೋದರೆ ಇಳಿಸುತ್ತವೆ. ವರದಿಯಲ್ಲಿ ‘ಶೇಕಡಾ 95ರ ಒತ್ತಡ 11.2’ ಎಂದಿದ್ದರೆ ರಾತ್ರಿಯ ಶೇಕಡಾ 95ರಷ್ಟು ಹೊತ್ತು ಒತ್ತಡ 11.2 ಅಥವಾ ಅದಕ್ಕಿಂತ ಕೆಳಗಿತ್ತು ಎಂದರ್ಥ. ಸರಾಸರಿ ಎಂದು ಓದಿಕೊಳ್ಳುವವರು ಬಹಳ.

ನನಗೆ ಯಂತ್ರ ಮಾರಿದವರು ಕನಿಷ್ಠ 4, ಗರಿಷ್ಠ 20 ಎಂದು ಕಾರ್ಖಾನೆಯಿಂದ ಬಂದಂತೆಯೇ ಬಿಟ್ಟು ಹೋದರು. ‘ಸರ್, ಅದೇ ನೋಡಿಕೊಳ್ಳುತ್ತದೆ’ ಎಂದರು. ಅದು ನೋಡಿಕೊಳ್ಳಲಿಲ್ಲ. ನನಗೆ 4 ಎಂದರೆ ಉಸಿರು ಕಟ್ಟಿದಂತೆ. ನಸುಕಿನಲ್ಲಿ ಗಂಟಲು ಕುಸಿಯಲು ಶುರುವಾದಾಗ ಯಂತ್ರ ಕೆಳಗಿನಿಂದ ಹತ್ತಿ ಬರುವಷ್ಟರಲ್ಲಿ ಹತ್ತು ಘಟನೆಗಳು ಆಗಿಹೋಗಿರುತ್ತಿದ್ದವು. ಘಾಟಿಯ ಬುಡದಲ್ಲಿ ನಿಂತ ಭಾರದ ಗಾಡಿಗೆ ಹತ್ತುವ ಹೊತ್ತಿಗೆ ಹಿಂದಿನಿಂದ ತಳ್ಳುವ ಬ್ಯಾಂಕರ್ ಎಂಜಿನ್ ಇರಬೇಕು, ಗಾಡಿ ಜಾರಿದ ಮೇಲೆ ಕರೆಸಿದರೆ ಏನು ಬಂತು? ಚಾರ್ಟ್ ನೋಡಿದ ವೈದ್ಯರು ಕನಿಷ್ಠವನ್ನು 8ಕ್ಕೆ ಏರಿಸಿದರು.

ನಾನೇ ಏರಿಸಬಹುದಿತ್ತಲ್ಲ ಎಂದರೆ, ಏರಿಸಬಹುದಿತ್ತು, ಗುಂಡಿ ಕೈಗೆಟಕುವಂತೆಯೇ ಇದೆ. ಆದರೆ ಒತ್ತಡ ಏರಿಸಿದರೆ ಅಡಚಣೆ ಇಳಿಯುವಂತೆಯೇ ಕೆಲವರಲ್ಲಿ ‘ಲೈನ್ ಕ್ಲಿಯರ್’ ಬಗೆಯದು ಹೆಚ್ಚುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ. ಬದಲಾವಣೆ ಮಾಡುವುದಿದ್ದರೆ ವೈದ್ಯರಿಗೆ ಹೇಳಿ, ಒಂದು ಸಲಕ್ಕೆ ಒಂದನ್ನೇ, ಕನಿಷ್ಠ ಒಂದು ವಾರ ನೋಡಬೇಕು. ದಿಂಬು, ಮಾಸ್ಕ್, ಒತ್ತಡ ಮೂರನ್ನೂ ಒಂದೇ ರಾತ್ರಿ ಬದಲಿಸಿದರೆ ಯಾವುದರಿಂದ ಏನಾಯಿತೆಂದು ಹೇಳುವವರಿಲ್ಲ.

ಕೆಲವು ಚಿಲ್ಲರೆ ವಿಷಯಗಳು. ಕಾರ್ಡನ್ನು ಕಂಪ್ಯೂಟರಿಗೆ ಹಾಕುವ ಮೊದಲು ಅದರ ಪಕ್ಕದ ಸಣ್ಣ ಗುಂಡಿಯನ್ನು ಲಾಕ್ ಕಡೆಗೆ ಸರಿಸಿ, ಇಲ್ಲದಿದ್ದರೆ ಕಂಪ್ಯೂಟರ್ ಅದರ ಮೇಲೆ ಏನಾದರೂ ಗೀಚಿಬಿಡುತ್ತದೆ. ಮರಳಿ ಯಂತ್ರಕ್ಕೆ ಹಾಕುವಾಗ ಲಾಕ್ ತೆಗೆಯಿರಿ. ರೆಸ್‌ಮೆಡ್ ಯಂತ್ರದ ದಿನ ಮಧ್ಯಾಹ್ನ 12ರಿಂದ ಮರುದಿನ ಮಧ್ಯಾಹ್ನ 12ರವರೆಗೆ. ಹಾಗಾಗಿ ಭಾನುವಾರ ಊಟವಾದ ಮೇಲೆ ತೆಗೆದ ನಿದ್ದೆ ಭಾನುವಾರ ರಾತ್ರಿಯ ಖಾತೆಗೆ ಸೇರುತ್ತದೆ. ಕರೆಂಟ್ ಹೋದರೆ ದಾಖಲೆ ಎರಡು ತುಂಡಾಗಿ ನಡುವೆ ಖಾಲಿ ಬಿಡುತ್ತದೆ. ಆ ಖಾಲಿಯಲ್ಲಿ ನೀವು ಮಾಸ್ಕ್ ಇಲ್ಲದೆ ಮಲಗಿದ್ದರೆ ಅಲ್ಲಿ ನಿಂತ ಉಸಿರಿಗೆ ಸಾಕ್ಷಿಯೇ ಇಲ್ಲ. ಕೋವಿಡ್ ಕಾಲದಲ್ಲಿ ಕೊಂಡ ಬೆರಳಿನ ಆಕ್ಸಿಮೀಟರ್ ಬೆಳಿಗ್ಗೆ 97 ತೋರಿಸಿತೆಂದು ರಾತ್ರಿಯೆಲ್ಲ 97 ಇತ್ತೆಂದು ಭಾವಿಸಬೇಡಿ. ಅನುಮಾನವಿದ್ದರೆ ರಾತ್ರಿಯಿಡೀ ಬರೆದಿಡುವ ಬಗೆಯದು ಬೇಕು.

ಬ್ಯಾಡಗಿಯಿಂದ ಬಂದ ಕಾರ್ಡ್

ನನ್ನ ಯಂತ್ರ ನೋಡಿ ಹೋದ ಹೆಂಡತಿಯ ತಮ್ಮ ತಾನೂ ಪರೀಕ್ಷೆ ಮಾಡಿಸಿಕೊಂಡ. ಅವನದೂ ತೀವ್ರ ದರ್ಜೆ. ಯಂತ್ರ ಬಂತು. ಒಂದು ತಿಂಗಳಾದ ಮೇಲೆ ಕಾರ್ಡ್ ಹಿಡಿದು ಹುಬ್ಬಳ್ಳಿಗೇ ಬಂದ. ‘ಮಾಮಾ, ಅಂಕಿ 11ರ ಕೆಳಗೆ ಇಳಿಯುತ್ತಿಲ್ಲ. ಇನ್ನೊಂದಿಷ್ಟು ಗಾಳಿ ಏರಿಸಲೇ?’ ಎಂದ.

ಚಾರ್ಟ್ ತೆರೆದೆ. ಲೀಕ್ ಇಲ್ಲ. ಅಡಚಣೆಯವು ಬೆರಳೆಣಿಕೆಯಷ್ಟು. ಉಳಿದವೆಲ್ಲ ‘ಕ್ಲಿಯರ್ ಏರ್‌ವೇ’, ಅದೂ ನಿದ್ದೆಯ ಶಾಂತ ಉಸಿರಿನ ನಡುವೆ, ರಾತ್ರಿಯುದ್ದಕ್ಕೂ. ಇವನ ಮನೆಯಲ್ಲಿ ನಳದ ಗಲಾಟೆಯೂ ಇರಲಿಲ್ಲ. ಏರಿಸಬೇಡ ಎಂದೆ. ಆರು ವರ್ಷಗಳ ಹಿಂದೆ ಅವನಿಗೆ ಹೃದಯಾಘಾತವಾಗಿತ್ತು, ಅದು ನನ್ನ ತಲೆಯಲ್ಲಿ ಕೊರೆಯುತ್ತಿತ್ತು.

ಈ ಬಗೆಯ ಚಾರ್ಟಿಗೆ ಹಲವು ಅರ್ಥಗಳಿವೆ. ಒಂದು ಸೌಮ್ಯವಾದದ್ದು. ಉಸಿರಾಡು ಎಂಬ ಸಂಕೇತ ಹೊರಡುವುದು ಬಹುಮಟ್ಟಿಗೆ ರಕ್ತದ ಇಂಗಾಲದ ಡೈಆಕ್ಸೈಡ್ ಏರಿದಾಗ. ವರ್ಷಗಟ್ಟಲೆ ಮುಚ್ಚಿದ ಗಂಟಲಿನೊಂದಿಗೆ ಗುದ್ದಾಡಿದ ದೇಹಕ್ಕೆ ಇದ್ದಕ್ಕಿದ್ದಂತೆ ದಾರಿ ತೆರೆದರೆ ಅದು ಅಗತ್ಯಕ್ಕಿಂತ ಹೆಚ್ಚು ಉಸಿರಾಡಿ ಆ ಅನಿಲವನ್ನು ತೀರಾ ಕೆಳಗಿಳಿಸುತ್ತದೆ. ಮಟ್ಟ ಮತ್ತೆ ಏರುವವರೆಗೆ ಮೆದುಳು ಸುಮ್ಮನೆ ಕಾಯುತ್ತದೆ. ಯಂತ್ರ ಶುರು ಮಾಡಿದ ಕೆಲವರಲ್ಲಿ ಹೀಗಾಗುತ್ತದೆ, ಹೆಚ್ಚಿನವರಲ್ಲಿ ಕೆಲವು ವಾರ ಅಥವಾ ತಿಂಗಳುಗಳಲ್ಲಿ ತಾನಾಗಿ ಕಡಿಮೆಯಾಗುತ್ತದೆ.

ಇನ್ನೊಂದು ಅರ್ಥ ಹೃದಯದ್ದು. ಹೃದಯದ ಪಂಪ್ ದುರ್ಬಲವಾದಾಗ ಉಸಿರು ಅಲೆಯಂತೆ ಮೆಲ್ಲಗೆ ಏರಿ, ಮೆಲ್ಲಗೆ ಇಳಿದು, ನಿಂತು, ಮತ್ತೆ ಏರುತ್ತದೆ. ಒಂದು ಸುತ್ತಿಗೆ ಮುಕ್ಕಾಲು ನಿಮಿಷದಿಂದ ಒಂದು ನಿಮಿಷ. ಜಾನ್ ಚೇನ್ 1818ರಲ್ಲಿ, ವಿಲಿಯಂ ಸ್ಟೋಕ್ಸ್ 1854ರಲ್ಲಿ ವಿವರಿಸಿದ್ದರಿಂದ ಅದಕ್ಕೆ ಚೇನ್-ಸ್ಟೋಕ್ಸ್ ಉಸಿರಾಟ ಎಂದೇ ಹೆಸರು. ಪಾರ್ಶ್ವವಾಯು, ಅಫೀಮಿನ ಜಾತಿಯ ನೋವಿನ ಮಾತ್ರೆಗಳೂ ಸಂಕೇತವನ್ನು ತಡೆಯಬಲ್ಲವು. ಇವನ್ನೆಲ್ಲ ಮನೆಯಲ್ಲಿ ಕೂತು ಬೇರ್ಪಡಿಸುವುದು ನಿವೃತ್ತ ರೈಲ್ವೆ ನೌಕರನ ಕೆಲಸವಲ್ಲ. ಇದಕ್ಕೆಂದು ಉಸಿರು ಉಸಿರಿಗೂ ಒತ್ತಡ ಬದಲಿಸುವ ಎಎಸ್‌ವಿ ಎಂಬ ದುಬಾರಿ ಯಂತ್ರವೂ ಇದೆ. ಆದರೆ ಹೃದಯದ ಪಂಪಿಂಗ್ ಪ್ರಮಾಣ ಶೇಕಡಾ 45 ಅಥವಾ ಅದಕ್ಕಿಂತ ಕಡಿಮೆಯಿದ್ದ, ಮುಖ್ಯವಾಗಿ ಈ ಸಂಕೇತದ ತೊಂದರೆಯೇ ಇದ್ದ ಹೃದಯ ವೈಫಲ್ಯದ ರೋಗಿಗಳಲ್ಲಿ ಅದರಿಂದ ಹೃದ್ರೋಗದ ಸಾವುಗಳು ಹೆಚ್ಚಾದವೆಂದು 2015ರಲ್ಲಿ ಪ್ರಕಟವಾದ ‘ಸರ್ವ್-ಎಚ್‌ಎಫ್’ ಅಧ್ಯಯನ ತೋರಿಸಿತು. ಅಂಕಿ ಇಳಿಸಿದ ಯಂತ್ರವೇ ಅಪಾಯ ಹೆಚ್ಚಿಸಿದ ಉದಾಹರಣೆ ಅದು.

ಗೆರೆಗಳ ನಾಲ್ಕು ಪ್ರಿಂಟ್ ತೆಗೆದುಕೊಂಡು ವೈದ್ಯರ ಬಳಿ ಹೋದೆವು. ಅವರು ಮೊದಲು ನೋಡಿದ್ದು ಬೆಳಗಿನ ಅಂಕಿಯನ್ನಲ್ಲ, ಉಸಿರಿನ ಅಲೆ ಏರಿಳಿಯುತ್ತಿದೆಯೇ ಎಂಬುದನ್ನು. ಆಮೇಲೆ ಎಕೋ (ಹೃದಯದ ಸ್ಕ್ಯಾನ್) ಮಾಡಿಸಲು ಬರೆದರು. ಹೃದಯದ ಪಂಪಿಂಗ್ ಶೇಕಡಾ 58, ಚಿಂತೆಯಿಲ್ಲ. ಗರಿಷ್ಠ ಒತ್ತಡವನ್ನು ಎರಡು ಅಂಕ ಇಳಿಸಿ ಎರಡು ತಿಂಗಳು ಕಾಯಲು ಹೇಳಿದರು. ಐದನೆಯ ವಾರದ ಕಾರ್ಡಿನಲ್ಲಿ 11 ಇದ್ದದ್ದು 7 ಆಗಿದೆ, ‘ಕ್ಲಿಯರ್ ಏರ್‌ವೇ’ ಗುರುತುಗಳು ರಾತ್ರಿಯ ಮೊದಲ ಅರ್ಧಕ್ಕೆ ಸರಿದಿವೆ. ಮುಂದಿನ ಕಾರ್ಡ್ ಯುಗಾದಿಗೆ ತರುತ್ತಾನೆ. ಆ ಹೊತ್ತಿಗೆ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಇನ್ನೂ ಮುಗಿದಿರುವುದಿಲ್ಲ, ಲೀಕ್ ಗೆರೆಯನ್ನು ಮೊದಲು ನೋಡಬೇಕು.